ಕೂದಲು ತೆಗೆಯುವ ಲೇಸರ್ ಮಾಡಿಸುವ ಮುನ್ನ: ನಮ್ಮ ಚರ್ಮಕ್ಕೆ ಹೊಂದುವ ಕ್ಲಿನಿಕ್, ಮಷೀನು, ಸೆಟ್ಟಿಂಗ್

ನನ್ನ ಎಡ ಮೊಣಕಾಲಿನ ಕೆಳಗೆ ಆರು ಕಂದು ಚೌಕಗಳಿದ್ದವು. ರಬ್ಬರ್ ಸ್ಟಾಂಪ್ ಒತ್ತಿದ ಹಾಗೆ, ಒಂದರ ಪಕ್ಕ ಒಂದು. ಕಾಲಿನ ಕೂದಲು ತೆಗೆಸಲು ಹೋದಾಗ ಲೇಸರ್ ಮಷೀನಿನ ತುದಿ ತಾಗಿದ ಕಡೆ ಅದರದೇ ಅಚ್ಚು ಬಿದ್ದಿತ್ತು. ಪೂರ್ತಿ ಮಾಸಲು ಹತ್ತಿರ ಹತ್ತಿರ ಒಂದು ವರ್ಷ ಬೇಕಾಯಿತು.

ಆಗಿದ್ದು ಇಷ್ಟೇ. ಗೋಕರ್ಣದಲ್ಲಿ ನಾಲ್ಕು ದಿನ ಬಿಸಿಲಲ್ಲಿ ಅಡ್ಡಾಡಿ ಬಂದು, ಮರುವಾರವೇ ಮೂರನೇ ಸೆಷನ್‌ಗೆ ಹೋಗಿದ್ದೆ. ಅಲ್ಲಿ ಯಾರೂ ಬಿಸಿಲಿನ ಮಾತೆತ್ತಲಿಲ್ಲ. ಹೇಳಬೇಕು ಅಂತ ನನಗೂ ಗೊತ್ತಿರಲಿಲ್ಲ. ಹೋದ ಸಲದ ಸೆಟ್ಟಿಂಗನ್ನೇ ಇಟ್ಟು ಶುರು ಮಾಡಿದರು. ಉರಿಯುತ್ತಿದೆ ಅಂದರೆ, "ಏನೂ ಆಗಲ್ಲ ಮೇಡಂ, ಎಲ್ಲರಿಗೂ ಹಾಗೇ ಇರುತ್ತೆ" ಅಂದರು.

ಆಮೇಲೆ ಬೇರೆ ಕಡೆ ಹೋದೆ. ಅಲ್ಲಿನ ಡಾಕ್ಟರು ಮಷೀನಿನ ಹತ್ತಿರವೂ ಹೋಗಲಿಲ್ಲ. ನನ್ನ ತೋಳು ಮೇಲೆತ್ತಿಸಿ, ಬಿಸಿಲು ಕಾಣದ ಒಳಭಾಗದ ಬಣ್ಣವನ್ನು ಮುಂಗೈ ಬಣ್ಣದ ಜೊತೆ ಹೋಲಿಸಿ ನೋಡಿದರು. "ಸ್ಕೂಟರ್ ಓಡಿಸ್ತೀರಾ ಅಮ್ಮ? ಗ್ಲೌಸ್ ಹಾಕಲ್ವಾ?" ಅಂತ ಕೇಳಿದರು. ಇನ್ನೊಂದು ತಿಂಗಳು ಬಿಟ್ಟು ಬನ್ನಿ ಅಂತ ವಾಪಸ್ ಕಳಿಸಿದರು. ಲೇಸರ್‌ನಲ್ಲಿ ಸೆಟ್ಟಿಂಗ್ ಅನ್ನೋದು ಪ್ಯಾಕೇಜ್ ನೋಡಿ ಇಡುವುದಲ್ಲ, ಅವತ್ತಿನ ನಮ್ಮ ಚರ್ಮ ನೋಡಿ ಇಡುವುದು ಅಂತ ನನಗೆ ಗೊತ್ತಾಗಿದ್ದು ಅವತ್ತು. ಮೊದಲೇ ಯಾರಾದರೂ ಹೇಳಿದ್ದರೆ ಚೆನ್ನಾಗಿತ್ತು. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಮೊದಲು: ಕೂದಲು ಯಾಕೆ ಬರುತ್ತಿದೆ?

ಕಾಲು, ಕಂಕುಳಿನ ಕೂದಲಾದರೆ ಈ ಪ್ರಶ್ನೆ ಬಿಟ್ಟು ಮುಂದಕ್ಕೆ ಹೋಗಬಹುದು. ಹೆಣ್ಣುಮಕ್ಕಳಿಗೆ ಗದ್ದ, ಮೇಲ್ತುಟಿ, ದವಡೆ, ಎದೆ, ಹೊಕ್ಕುಳ ಕೆಳಗೆ ದಪ್ಪ ಕರಿ ಕೂದಲು ಬರುತ್ತಿದ್ದರೆ ಮಾತ್ರ ಬಿಡಬೇಡಿ. ಜೊತೆಗೆ ಮುಟ್ಟು ಏರುಪೇರು, ಮೊಡವೆ, ತೂಕ ಏರುವುದು, ನೆತ್ತಿ ಕೂದಲು ತೆಳುವಾಗುವುದು ಇದ್ದರೆ ಪಿಸಿಓಎಸ್ (ಅಂಡಾಶಯಕ್ಕೆ ಸಂಬಂಧಿಸಿದ ಹಾರ್ಮೋನು ತೊಂದರೆ) ಇರಬಹುದು. ಥೈರಾಯ್ಡ್, ಪ್ರೊಲ್ಯಾಕ್ಟಿನ್, ಟೆಸ್ಟೋಸ್ಟೆರೋನ್ ಹಾರ್ಮೋನುಗಳ ಮಟ್ಟ ನೋಡಿಸಿ. ಬೇಕಿದ್ದರೆ ಡಾಕ್ಟರು ಸ್ಕ್ಯಾನಿಂಗ್ ಬರೆದುಕೊಡುತ್ತಾರೆ. ಕೆಲವೇ ತಿಂಗಳಲ್ಲಿ ಕೂದಲು ಇದ್ದಕ್ಕಿದ್ದ ಹಾಗೆ ಜಾಸ್ತಿಯಾಗಿ, ಧ್ವನಿಯೂ ಗಡುಸಾಗುತ್ತಿದ್ದರೆ ಲೇಸರ್ ಯೋಚನೆ ಬದಿಗಿಟ್ಟು ತಕ್ಷಣ ಡಾಕ್ಟರ ಹತ್ತಿರ ಹೋಗಿ.

ಹಾರ್ಮೋನು ಸರಿಹೋಗದೆ ಮುಖಕ್ಕೆ ಲೇಸರ್ ಮಾಡಿಸಿದರೆ, ಇದ್ದ ಕೂದಲು ಹೋದರೂ ಪಕ್ಕದಲ್ಲಿ ಹೊಸದು ದಪ್ಪಗಾಗುತ್ತಾ ಬರುತ್ತದೆ. "ಲೇಸರ್ ಕೆಲಸ ಮಾಡಲಿಲ್ಲ" ಅನ್ನುವವರಲ್ಲಿ ಎಷ್ಟೋ ಜನರ ಕಥೆ ಇದೇ. ಹಾಗಂತ ಪಿಸಿಓಎಸ್ ಇರುವವರು ಮಾಡಿಸಲೇಬಾರದು ಅಂತಲ್ಲ. ಚಿಕಿತ್ಸೆ ಜೊತೆಜೊತೆಗೇ ನಡೆಯಲಿ, ವರ್ಷಕ್ಕೊಂದೆರಡು ಸಲ ಮತ್ತೆ ಹೋಗಬೇಕಾಗುತ್ತದೆ ಅಂತ ಲೆಕ್ಕದಲ್ಲಿರಲಿ. "ಹುಡುಗಿಗೆ ಮೀಸೆ" ಅಂತ ಆಡಿಕೊಳ್ಳುವ ಜನರ ಮಧ್ಯೆ ಇರುವವರಿಗೆ ಇದು ಸುಮ್ನೆ ಸೌಂದರ್ಯದ ವಿಷಯ ಅಲ್ಲ ಅಂತ ನನಗೆ ಚೆನ್ನಾಗಿ ಗೊತ್ತು.

ಇನ್ನೊಂದು ವಿಷಯ. ಲೇಸರ್ ಬೆಳಕು ಹುಡುಕುವುದು ಕೂದಲಿನ ಕರಿ ಬಣ್ಣವನ್ನು. ಬಿಳಿ ಕೂದಲು, ಕೆಂಚು ಕೂದಲು, ಕೆನ್ನೆ ಮೇಲಿನ ನುಣುಪಾದ ತೆಳು ರೋಮ, ಇವುಗಳ ಮೇಲೆ ಅದು ಕೆಲಸ ಮಾಡುವುದಿಲ್ಲ. ಬಿಳಿ ಕೂದಲಿಗೆ ಎಲೆಕ್ಟ್ರಾಲಿಸಿಸ್ ಬೇಕು. ಒಂದೊಂದೇ ಕೂದಲಿನ ಬುಡಕ್ಕೆ ಸೂಜಿ ಇಳಿಸಿ ಕರೆಂಟ್ ಕೊಡುವ ವಿಧಾನ ಅದು. 1875ರಲ್ಲಿ ಅಮೆರಿಕದ ಕಣ್ಣಿನ ಡಾಕ್ಟರು ಚಾರ್ಲ್ಸ್ ಮಿಶೆಲ್ ಒಳಮುಖವಾಗಿ ಬೆಳೆದ ರೆಪ್ಪೆ ಕೂದಲು ತೆಗೆಯಲು ಇದನ್ನು ಬಳಸಿದ್ದರು. ನಿಧಾನ, ಆದರೆ ಕೂದಲಿನ ಬಣ್ಣದ ಹಂಗಿಲ್ಲ.

ಕೆನ್ನೆ, ಕತ್ತಿನ ತೆಳು ರೋಮಕ್ಕೆ "ಅದನ್ನೂ ಸೇರಿಸಿ ಮಾಡಿಬಿಡೋಣ" ಅಂದರೆ ಬೇಡ ಅನ್ನಿ. ಲೇಸರ್ ಬಿದ್ದು ಆ ರೋಮವೇ ದಪ್ಪಗಾಗುವ ಸಾಧ್ಯತೆ ಇದೆ. ನಮ್ಮಂಥ ಬಣ್ಣದವರಲ್ಲಿ, ಅದರಲ್ಲೂ ಹಾರ್ಮೋನು ತೊಂದರೆ ಇರುವವರ ದವಡೆ, ಕತ್ತಿನ ಭಾಗದಲ್ಲಿ ಇದು ಹೆಚ್ಚು.

ನಿಮ್ಮ ಬಣ್ಣ ಯಾವುದು, ಅದಕ್ಕೆ ಯಾವ ಮಷೀನು?

ಚರ್ಮದ ಡಾಕ್ಟರುಗಳು ಬಣ್ಣವನ್ನು ಫಿಟ್ಜ್‌ಪ್ಯಾಟ್ರಿಕ್ ಅನ್ನುವ ಅಳತೆಯಲ್ಲಿ 1ರಿಂದ 6ರವರೆಗೆ ಎಣಿಸುತ್ತಾರೆ. ಬಿಸಿಲಿಗೆ ಹೋದರೆ ಸುಟ್ಟು ಕೆಂಪಾಗುತ್ತೀರಾ, ಕಪ್ಪಾಗುತ್ತೀರಾ ಅನ್ನುವುದರ ಮೇಲೆ ಆ ಲೆಕ್ಕ. ನಮ್ಮಲ್ಲಿ ಹೆಚ್ಚಿನವರು 4 ಅಥವಾ 5. ಅಂದರೆ ಕೂದಲಲ್ಲಿರುವ ಮೆಲನಿನ್ ಅನ್ನುವ ಬಣ್ಣವೇ ನಮ್ಮ ಚರ್ಮದಲ್ಲೂ ಸಾಕಷ್ಟಿದೆ. ಬೆಳಕು ಕೂದಲಿನ ಬುಡ ತಲುಪುವ ಮೊದಲೇ ಮೇಲಿನ ಚರ್ಮ ಅದನ್ನು ಹೀರಿಕೊಂಡು ಬಿಸಿಯಾಗುತ್ತದೆ. ನನ್ನ ಕಾಲಿನ ಚೌಕಗಳು ಹುಟ್ಟಿದ್ದು ಹಾಗೆ.

ಬೆಳಕಿನ ಅಲೆಯುದ್ದವನ್ನು ನ್ಯಾನೊಮೀಟರಿನಲ್ಲಿ ಹೇಳುತ್ತಾರೆ. ಅಲೆಕ್ಸಾಂಡ್ರೈಟ್ ಲೇಸರ್ 755. ಡಯೋಡ್ ಸುಮಾರು 800ರಿಂದ 810. ಎನ್‌ಡಿ ಯಾಗ್ 1064. ಸಂಖ್ಯೆ ಚಿಕ್ಕದಾದಷ್ಟೂ ಮೆಲನಿನ್ ಅದನ್ನು ಜಾಸ್ತಿ ಹೀರುತ್ತದೆ. 755 ತಿಳಿಬಣ್ಣದವರಿಗೆ ತುಂಬಾ ಚೆನ್ನಾಗಿ ಕೆಲಸ ಮಾಡುತ್ತದೆ, ನಮಗೆ ಅಪಾಯ ಹೆಚ್ಚು. 1064 ಮೇಲಿನ ಬಣ್ಣವನ್ನು ಅಷ್ಟಾಗಿ ತಾಗದೆ ಆಳಕ್ಕೆ ಇಳಿಯುತ್ತದೆ. ಕಪ್ಪು ಚರ್ಮಕ್ಕೆ ಇದೇ ಹೆಚ್ಚು ಸುರಕ್ಷಿತ. ಆದರೆ ನೋವು ಸ್ವಲ್ಪ ಜಾಸ್ತಿ, ತೆಳು ಕೂದಲಿನ ಮೇಲೆ ಪರಿಣಾಮ ಕಡಿಮೆ. ಡಯೋಡ್ ಇವೆರಡರ ನಡುವಿನದು. ಕೈಯಾಡಿಸುವವರು ಅನುಭವಿಗಳಾಗಿದ್ದು, ತಣ್ಣಗಿಡುವ ವ್ಯವಸ್ಥೆ ಸರಿಯಿದ್ದರೆ 4, 5ರ ಬಣ್ಣದವರಿಗೆ ಡಯೋಡೂ ಆಗುತ್ತದೆ. ನಾನು ಕಾಲಿಗೆ ಡಯೋಡ್ ಮುಂದುವರಿಸಿದೆ, ಗದ್ದಕ್ಕೆ ಯಾಗ್ ಮಾಡಿಸಿದೆ.

ಐಪಿಎಲ್ ಅನ್ನುವುದು ಲೇಸರ್ ಅಲ್ಲ. ಅದು ಬೇರೆ ಬೇರೆ ಅಲೆಯುದ್ದದ ಬೆಳಕು ಒಟ್ಟಿಗೆ ಮಿಂಚುವ ದೀಪ. ಬೋರ್ಡಿನಲ್ಲಿ "ಲೇಸರ್" ಅಂತ ಬರೆದು ಒಳಗೆ ಐಪಿಎಲ್ ಇಟ್ಟಿರುವ ಪಾರ್ಲರುಗಳಿವೆ. ನಮ್ಮ ಬಣ್ಣಕ್ಕೆ ಅದರಿಂದ ಸುಡುವ ಭಯ ಜಾಸ್ತಿ. ಆನ್‌ಲೈನ್‌ನಲ್ಲಿ ಸಿಗುವ ಮನೆಬಳಕೆಯ ಸಾಧನಗಳಲ್ಲೂ ಹೆಚ್ಚಿನವು ಐಪಿಎಲ್. ಡಬ್ಬದ ಮೇಲಿನ ಬಣ್ಣದ ಪಟ್ಟಿಯಲ್ಲಿ ನಿಮ್ಮ ಬಣ್ಣದ ಕೆಳಗೆ ಅಡ್ಡಗೀಟು ಇದ್ದರೆ ಕೊಳ್ಳಬೇಡಿ.

ಕ್ಲಿನಿಕ್ಕಿಗೆ ಹೋದಾಗ

ಫೋನಿನಲ್ಲಿ ದರ ಕೇಳಿ ನಿರ್ಧರಿಸಬೇಡಿ. ಒಮ್ಮೆ ಸುಮ್ನೆ ಹೋಗಿ ಮಾತಾಡಿಸಿ ಬನ್ನಿ. ಬಾಗಿಲು ದಾಟಿದ ಕೂಡಲೇ ಗೋಡೆ ನೋಡಿ. ಕರ್ನಾಟಕದಲ್ಲಿ ಖಾಸಗಿ ಕ್ಲಿನಿಕ್ ನಡೆಸುವವರು 2007ರ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯಡಿ ನೋಂದಣಿ ಮಾಡಿಸಬೇಕು, ಆ ಪ್ರಮಾಣಪತ್ರವನ್ನು ಕಾಣುವ ಹಾಗೆ ಹಾಕಬೇಕು. ಜನ ಇದನ್ನು ಕೆಪಿಎಂಇ ಅಂತ ಕರೆಯುತ್ತಾರೆ. ಅದು ಕಾಣದಿದ್ದರೆ ಕೇಳಿ. ಕೇಳಿದ್ದಕ್ಕೆ ಮುಖ ಗಂಟಿಕ್ಕಿದರೆ ಹೊರಡಿ.

ಆಮೇಲೆ ಡಾಕ್ಟರ ಹೆಸರಿನ ಮುಂದೆ ಏನಿದೆ ನೋಡಿ. ಚರ್ಮರೋಗದಲ್ಲಿ ಎಂಡಿ, ಡಿಎನ್‌ಬಿ ಅಥವಾ ಡಿಪ್ಲೊಮಾ ಮಾಡಿದವರು ಚರ್ಮರೋಗ ತಜ್ಞರು. "ಕಾಸ್ಮೆಟಾಲಜಿಸ್ಟ್", "ಏಸ್ಥೆಟಿಕ್ ಎಕ್ಸ್‌ಪರ್ಟ್" ಅನ್ನುವ ಪದಗಳಿಂದ ಆ ಓದು ಆಗಿದೆ ಅಂತ ಅರ್ಥವಾಗುವುದಿಲ್ಲ. ವೈದ್ಯಕೀಯ ಪರಿಷತ್ತಿನ ನೋಂದಣಿ ಸಂಖ್ಯೆ ಡಾಕ್ಟರ ಚೀಟಿಯ ಮೇಲೆ ಇರುತ್ತದೆ. ಮಷೀನ್ ಹಿಡಿಯುವವರು ಟೆಕ್ನಿಷಿಯನ್ ಆಗಿರಬಹುದು, ಅದರಲ್ಲಿ ತಪ್ಪಿಲ್ಲ. ಆದರೆ ಚರ್ಮ ನೋಡಿ ಸೆಟ್ಟಿಂಗ್ ನಿರ್ಧರಿಸುವವರು ಡಾಕ್ಟರೇ ಆಗಿರಲಿ. ನಿಮ್ಮ ಸೆಷನ್ ನಡೆಯುವಾಗ ಅವರು ಅದೇ ಕಟ್ಟಡದಲ್ಲಿರಲಿ. ವಾರಕ್ಕೊಮ್ಮೆ ಬಂದು ಹೋಗುವ ಡಾಕ್ಟರ ಹೆಸರನ್ನು ಬೋರ್ಡಿಗೆ ಮಾತ್ರ ಬಳಸುವ ಜಾಗ ಬೇಡ.

ನಾನು ಈಗ ಎಲ್ಲಿಗೇ ಹೋದರೂ ಕೇಳುವ ಪ್ರಶ್ನೆಗಳಿವು. ಮಷೀನಿನ ಹೆಸರೇನು, ಯಾವ ಅಲೆಯುದ್ದ? ಸರ್ವಿಸ್ ಮಾಡಿಸಿದ್ದು ಯಾವಾಗ? ನನ್ನ ಬಣ್ಣದವರಿಗೆ ಮಾಡಿದ್ದೀರಾ? ಸುಟ್ಟರೆ ಏನು ಮಾಡುತ್ತೀರಿ, ಯಾರಿಗೆ ಫೋನ್ ಮಾಡಬೇಕು? ಮೊದಲು ಚಿಕ್ಕ ಜಾಗದಲ್ಲಿ ಪರೀಕ್ಷಿಸಿ ನೋಡುವ ಟೆಸ್ಟ್ ಪ್ಯಾಚ್ ಹಾಕುತ್ತೀರಾ? ಕೊನೆಯದಕ್ಕೆ "ಬೇಕಾಗಲ್ಲ" ಅಂತ ಉತ್ತರ ಬಂದರೆ ಮಾತು ಅಲ್ಲಿಗೆ ಮುಗಿಯಿತು.

ಅವರೂ ನಿಮ್ಮನ್ನು ಕೇಳಬೇಕು. ಬಿಸಿಲು, ಔಷಧಿ, ಗರ್ಭಿಣಿಯಾ, ಬಾಯಿ ಸುತ್ತ ಹರ್ಪಿಸ್ ಗುಳ್ಳೆ ಏಳುತ್ತವಾ, ಗಾಯವಾದರೆ ಕಲೆ ಉಬ್ಬಿ ಗಂಟಾಗುತ್ತದಾ? ಮೊಡವೆಗೆ ಡಾಕ್ಸಿಸೈಕ್ಲಿನ್ ಅಥವಾ ಐಸೊಟ್ರೆಟಿನೊಯಿನ್ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಅವರು ಕೇಳದಿದ್ದರೂ ಹೇಳಿ. ಹಚ್ಚೆ ಇದ್ದರೆ ಮರೆಯದೆ ತೋರಿಸಿ. ಈಗಿನ ಟ್ಯಾಟೂ ಆಗಲಿ, ಅಮ್ಮ ಅಜ್ಜಿಯರ ಕಾಲದ ಹಸಿರು ಹಚ್ಚೆ ಆಗಲಿ, ಅದರ ಮೇಲೆ ಈ ಲೇಸರ್ ಬಿದ್ದರೆ ಬಣ್ಣವೇ ಬೆಂಕಿಯ ಹಾಗೆ ಕಾದು ಚರ್ಮ ಸುಡುತ್ತದೆ. ನನ್ನ ಚಿಕ್ಕಮ್ಮನ ಗದ್ದದ ಮೇಲೆ ಮೂರು ಚುಕ್ಕಿ ಹಚ್ಚೆ ಇದೆ. ಅವರನ್ನು ಕರೆದುಕೊಂಡು ಹೋದಾಗ ಡಾಕ್ಟರು ಅಷ್ಟು ಜಾಗ ಬಿಟ್ಟು ಸುತ್ತ ಮಾತ್ರ ಮಾಡಿದರು. ಮಚ್ಚೆಗಳನ್ನೂ ಹೀಗೇ ಬಿಡಬೇಕು.

ಪರದೆಯ ಮೇಲಿನ ನಾಲ್ಕು ವಿಷಯ

ಸೆಟ್ಟಿಂಗ್ ನಾವು ಇಡುವುದಲ್ಲ, ಇಡಬಾರದು ಕೂಡ. ಆದರೆ ಏನಿಟ್ಟಿದ್ದಾರೆ ಅಂತ ಓದಲು ಬರಬೇಕು.

ಮೊದಲನೆಯದು ಶಕ್ತಿ. ಒಂದು ಚದರ ಸೆಂಟಿಮೀಟರ್ ಚರ್ಮಕ್ಕೆ ಎಷ್ಟು ಜೂಲ್ ಅನ್ನುವ ಲೆಕ್ಕ. ಎಲ್ಲರೂ ಕಣ್ಣಿಡುವುದು ಇದರ ಮೇಲೆ. "ಅವರಲ್ಲಿ 30 ಇಟ್ಟಿದ್ದರು, ಇಲ್ಲಿ ಬರೀ 18" ಅಂತ ಹೋಲಿಸಿ ಬೇಜಾರು ಮಾಡಿಕೊಳ್ಳುವವರನ್ನು ನೋಡಿದ್ದೇನೆ. ಮಷೀನು, ಅಲೆಯುದ್ದ, ತುದಿಯ ಅಳತೆ ಬದಲಾದರೆ ಈ ಸಂಖ್ಯೆಗಳನ್ನು ಹೋಲಿಸಲು ಬರುವುದೇ ಇಲ್ಲ. ತುದಿಯನ್ನು ಒಂದೊಂದೇ ಜಾಗಕ್ಕೆ ಒತ್ತಿ ಹೊಡೆಯದೆ, ಚರ್ಮದ ಮೇಲೆ ಉಜ್ಜುತ್ತಾ ಹೋಗುವ ವಿಧಾನದಲ್ಲಿ ಒಂದೊಂದು ಹೊಡೆತ (ಒಂದು ಸಲ ಮಿಂಚುವ ಬೆಳಕು) 10 ಜೂಲ್‌ಗಿಂತ ಕಡಿಮೆಯೇ ಇರುತ್ತದೆ. ಸೆಕೆಂಡಿಗೆ ಹಲವು ಹೊಡೆತ ಬಿದ್ದು ಬಿಸಿ ಮೆಲ್ಲಗೆ ಕೂಡುತ್ತದೆ. ಅದರಲ್ಲಿ ನೋವು ಕಡಿಮೆ.

ಎರಡನೆಯದು ಹೊಡೆತದ ಅವಧಿ, ಮಿಲಿಸೆಕೆಂಡಿನಲ್ಲಿ. ನಮಗೆ ಇದು ಬಹಳ ಮುಖ್ಯ. ಕಬ್ಬಿಣದ ದೋಸೆ ಕಾವಲಿ, ತೆಳು ಸ್ಟೀಲ್ ತಟ್ಟೆ ಎರಡನ್ನೂ ಒಲೆಯಿಂದ ಇಳಿಸಿ ನೋಡಿ. ತಟ್ಟೆ ಕ್ಷಣದಲ್ಲಿ ಆರುತ್ತದೆ, ಕಾವಲಿ ಬಿಸಿ ಹಿಡಿದುಕೊಂಡಿರುತ್ತದೆ. ಮೇಲ್ಚರ್ಮದ ತೆಳು ಪದರ ತಟ್ಟೆಯ ಹಾಗೆ, ದಪ್ಪ ಕೂದಲಿನ ಬುಡ ಕಾವಲಿಯ ಹಾಗೆ. ಅದೇ ಶಕ್ತಿಯನ್ನು ನಿಧಾನಕ್ಕೆ ಕೊಟ್ಟರೆ ಚರ್ಮ ಆರಿಕೊಳ್ಳುತ್ತಾ ಇರುತ್ತದೆ, ಬಿಸಿ ಕೂದಲಿನ ಬುಡದಲ್ಲಿ ಉಳಿಯುತ್ತದೆ. ಅದಕ್ಕೇ ಕಪ್ಪು ಚರ್ಮಕ್ಕೆ 3 ಮಿಲಿಸೆಕೆಂಡಿನಂಥ ಚುರುಕು ಹೊಡೆತ ಬೇಡ. 20, 30 ಅಥವಾ ಇನ್ನೂ ಉದ್ದದ್ದು ಬೇಕು. ಸೆಷನ್ ಕಳೆದಂತೆ ಕೂದಲು ತೆಳುವಾಗುತ್ತದೆ, ಆಗ ಡಾಕ್ಟರು ಅವಧಿಯನ್ನು ಸ್ವಲ್ಪ ಸ್ವಲ್ಪ ಬದಲಾಯಿಸುತ್ತಾರೆ. ಎಲ್ಲ ಸೆಷನ್‌ಗೂ ಒಂದೇ ಸೆಟ್ಟಿಂಗ್ ಇಟ್ಟರೆ ಯಾರೂ ನಿಮ್ಮ ಕೂದಲು ನೋಡುತ್ತಿಲ್ಲ ಅಂತ ತಿಳಿಯಿರಿ.

ಮೂರನೆಯದು ತುದಿಯ ಅಳತೆ. ಅಗಲವಾದ ತುದಿಯ ಬೆಳಕು ಆಳಕ್ಕೆ ಇಳಿಯುತ್ತದೆ, ಚಿಕ್ಕದರ ಬೆಳಕು ಪಕ್ಕಕ್ಕೆ ಚದುರುತ್ತದೆ. ಕಾಲು ಬೆನ್ನಿಗೆ ಅಗಲದ್ದು, ಮೇಲ್ತುಟಿಗೆ ಚಿಕ್ಕದು.

ನಾಲ್ಕನೆಯದು ತಂಪು. ಕೆಲವು ಮಷೀನುಗಳಲ್ಲಿ ತುದಿಯ ಗಾಜೇ ಮಂಜಿನಂತೆ ತಣ್ಣಗಿರುತ್ತದೆ, ಕೆಲವು ಹೊಡೆತದ ಮೊದಲು ತಣ್ಣನೆಯ ಅನಿಲ ಚಿಮ್ಮಿಸುತ್ತವೆ, ಕೆಲವು ಕಡೆ ಪೈಪಿನಿಂದ ತಂಪು ಗಾಳಿ ಬಿಡುತ್ತಾರೆ. ತುದಿ ಬೆಚ್ಚಗಾಗಿದೆ ಅನ್ನಿಸಿದರೆ ತಕ್ಷಣ ನಿಲ್ಲಿಸಿ ಅನ್ನಿ. ತುದಿಯನ್ನು ಆಗಾಗ ಒರೆಸುತ್ತಾರಾ ಅಂತಲೂ ನೋಡಿ. ಸುಟ್ಟ ಕೂದಲಿನ ಚೂರು ಅಂಟಿಕೊಂಡಿದ್ದರೆ ಅದೇ ಕಾದು ಚರ್ಮ ಸುಡುತ್ತದೆ.

ಈ ಸಂಖ್ಯೆಗಳನ್ನು ಪ್ರತಿ ಸಲ ಬರೆದುಕೊಡಲು ಹೇಳಿ, ಅಥವಾ ಪರದೆಯ ಫೋಟೊ ತೆಗೆದುಕೊಳ್ಳಿ. ನನ್ನ ಮೊದಲ ಕ್ಲಿನಿಕ್ಕಿನಲ್ಲಿ ಸುಟ್ಟ ಮೇಲೆ ಕೇಳಿದರೆ ಯಾವ ದಾಖಲೆಯೂ ಇರಲಿಲ್ಲ. ಎರಡನೇ ಕಡೆಯ ಡಾಕ್ಟರು ಅಂದಾಜಿನಲ್ಲೇ ಶುರು ಮಾಡಬೇಕಾಯಿತು.

ಟೆಸ್ಟ್ ಪ್ಯಾಚ್

ಎಲ್ಲಿ ಮಾಡಿಸುತ್ತೀರೋ ಅದೇ ಭಾಗದ ಮೂಲೆಯೊಂದರಲ್ಲಿ ಕೆಲವು ಹೊಡೆತ ಹಾಕಿಸಿ. ಗದ್ದಕ್ಕೆ ಮಾಡಿಸುವವರು ಕೈಮೇಲೆ ಪರೀಕ್ಷಿಸಿ ಪ್ರಯೋಜನವಿಲ್ಲ. ಐದು ಹತ್ತು ನಿಮಿಷದಲ್ಲಿ ಒಂದೊಂದು ಕೂದಲಿನ ಬುಡ ಚಳಿಗೆ ಮೈ ಜುಮ್ಮೆಂದ ಹಾಗೆ ಚಿಕ್ಕದಾಗಿ ಉಬ್ಬಿ, ಸುತ್ತ ಸ್ವಲ್ಪ ಕೆಂಪಾದರೆ ಸರಿಯಾಗಿದೆ ಅಂತ. ಕಪ್ಪು ಚರ್ಮದಲ್ಲಿ ಕೆಂಪು ಕಾಣದಿರಬಹುದು, ಬೆರಳಾಡಿಸಿದರೆ ಉಬ್ಬು ಗೊತ್ತಾಗುತ್ತದೆ. ಚರ್ಮ ಬೂದಿ ಬಣ್ಣಕ್ಕೆ ತಿರುಗಿದರೆ, ನೀರು ಗುಳ್ಳೆ ಎದ್ದರೆ ಶಕ್ತಿ ಜಾಸ್ತಿಯಾಗಿದೆ. ಕನಿಷ್ಠ 2 ದಿನ ಕಾಯಿರಿ. ಮುಖಕ್ಕಾದರೆ ಒಂದೆರಡು ವಾರ ಕಾಯುವುದು ಒಳ್ಳೆಯದು, ಕಪ್ಪು ಕಲೆ ತಡವಾಗಿ ಕಾಣಿಸಿಕೊಳ್ಳುತ್ತದೆ.

ಹೋಗುವ ಮುಂಚೆ

ಬುಡದಲ್ಲಿ ಕೂದಲು ಇದ್ದರೆ ತಾನೇ ಲೇಸರ್‌ಗೆ ಕೆಲಸ? ಹಾಗಾಗಿ 4ರಿಂದ 6 ವಾರ ಮೊದಲೇ ವ್ಯಾಕ್ಸಿಂಗ್, ಥ್ರೆಡಿಂಗ್, ಕೀಳುವುದು ನಿಲ್ಲಿಸಿ. ಶೇವ್ ಮಾಡಬಹುದು, ಮುಖಕ್ಕೂ ಕೂಡ. ಶೇವ್ ಮಾಡಿದರೆ ಕೂದಲು ದಪ್ಪ ಆಗುತ್ತದೆ ಅನ್ನುವುದು ನಿಜವಲ್ಲ. ಹಿಂದಿನ ದಿನ ಶೇವ್ ಮಾಡಿಕೊಂಡು ಹೋಗಿ. ಪಾರ್ಲರಿನಲ್ಲಿ ಮುಖಕ್ಕೆ ಬ್ಲೀಚ್ ಮಾಡಿಸುವ ಅಭ್ಯಾಸ ಇದ್ದರೆ ಅದನ್ನೂ ಬಿಡಿ. ಬ್ಲೀಚ್ ಕೂದಲಿನ ಕರಿ ಬಣ್ಣ ತೆಗೆಯುತ್ತದೆ, ಲೇಸರ್‌ಗೆ ಹಿಡಿಯಲು ಏನೂ ಉಳಿಯುವುದಿಲ್ಲ.

ಬಿಸಿಲಿನ ವಿಷಯ ಮೊದಲೇ ಹೇಳಿದೆ. ಜಾತ್ರೆ, ಪ್ರವಾಸ, ಹೊಲದ ಕೆಲಸ ಮುಗಿಸಿ ಬಂದವರು ಕಪ್ಪು ಇಳಿಯುವವರೆಗೆ, ಸುಮಾರು ಒಂದು ತಿಂಗಳು ಮುಂದಕ್ಕೆ ಹಾಕಿ. ಮದುವೆಗೆ ಅಂತ ಮಾಡಿಸುವವರು ವರ್ಷ ಮೊದಲೇ ಶುರು ಮಾಡಬೇಕು. ಕೂದಲು ಸರದಿಯಲ್ಲಿ ಬೆಳೆಯುತ್ತದೆ, ಬೆಳೆಯುವ ಹಂತದಲ್ಲಿರುವುದಕ್ಕೆ ಮಾತ್ರ ಲೇಸರ್ ಚೆನ್ನಾಗಿ ತಾಗುತ್ತದೆ. ಅದಕ್ಕೇ 6ರಿಂದ 8 ಸೆಷನ್, ಮುಖಕ್ಕೆ 4ರಿಂದ 6 ವಾರಕ್ಕೊಮ್ಮೆ, ಮೈಗೆ 6ರಿಂದ 8 ವಾರಕ್ಕೊಮ್ಮೆ.

ಅವತ್ತು ಅರಿಶಿನ, ಪೌಡರ್, ಡಿಯೋಡರೆಂಟ್ ಯಾವುದೂ ಇಲ್ಲದೆ ತೊಳೆದ ಚರ್ಮದಲ್ಲಿ ಹೋಗಿ. ಮರಗಟ್ಟಿಸುವ ಕ್ರೀಮನ್ನು ನೀವೇ ತಂದು ಕಾಲುತುಂಬ ಹಚ್ಚಿ ಪ್ಲಾಸ್ಟಿಕ್ ಸುತ್ತಬೇಡಿ. ಅಮೆರಿಕದಲ್ಲಿ ಲೇಸರ್‌ಗೆ ಮೊದಲು ಹೀಗೆ ಮಾಡಿಕೊಂಡ ಇಬ್ಬರು ಯುವತಿಯರು ತೀರಿಕೊಂಡರು, 2007ರಲ್ಲಿ ಅಲ್ಲಿನ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಎಚ್ಚರಿಕೆ ಕೊಟ್ಟಿತು. ಆ ಕ್ರೀಮು ರಕ್ತಕ್ಕೆ ಸೇರುತ್ತದೆ. ಚಿಕ್ಕ ಜಾಗಕ್ಕೆ, ಡಾಕ್ಟರು ಹೇಳಿದಷ್ಟೇ ಹಚ್ಚಿ.

ಮಂಚದ ಮೇಲೆ

ಕನ್ನಡಕ ಹಾಕದೆ ಶುರು ಮಾಡಲು ಬಿಡಬೇಡಿ. ಕೋಣೆಯಲ್ಲಿರುವ ಪ್ರತಿಯೊಬ್ಬರಿಗೂ ಆ ಅಲೆಯುದ್ದಕ್ಕೆ ಹೊಂದುವ ಕನ್ನಡಕ ಬೇಕು. 1064ರ ಬೆಳಕು ಕಣ್ಣಿಗೆ ಕಾಣುವುದೇ ಇಲ್ಲ, ಆದರೆ ಕಣ್ಣಿನ ಒಳಪರದೆಯನ್ನು ಸುಡಬಲ್ಲದು. ಹುಬ್ಬಿನ ಕೆಳಗೆ, ರೆಪ್ಪೆಯ ಹತ್ತಿರ ಲೇಸರ್ ಬೇಡವೇ ಬೇಡ. ಅಲ್ಲಿಗೆ ದಾರವೇ ಸರಿ.

ನೋವು ಹೇಗಿರುತ್ತೆ ಅಂದರೆ, ರಬ್ಬರ್ ಬ್ಯಾಂಡ್ ಎಳೆದು ಬಿಟ್ಟ ಹಾಗೆ ಚುರುಕ್ ಅನ್ನುತ್ತದೆ, ಹೋಗುತ್ತದೆ. ಕೂದಲು ಸುಟ್ಟ ವಾಸನೆ ಬರುತ್ತದೆ. ಆ ಹೊಗೆ ಎಳೆಯುವ ಫ್ಯಾನೋ ಪೈಪೋ ಇರಬೇಕು. ಚುರುಕ್ ಅಂದಿದ್ದು ಹೋಗದೆ ಉರಿ ಉಳಿಯುತ್ತಿದ್ದರೆ ಹಲ್ಲು ಕಚ್ಚಿ ಸಹಿಸಬೇಡಿ. ನಿಲ್ಲಿಸಿ ಅನ್ನಿ. ನಾನು ಅವತ್ತು ಹೇಳಿ ಸುಮ್ಮನಾಗಿಬಿಟ್ಟೆ, ಎದ್ದು ಕೂರಬೇಕಿತ್ತು.

ಮನೆಗೆ ಬಂದ ಮೇಲೆ

ತಣ್ಣೀರ ಬಟ್ಟೆ, ಮಾಯಿಶ್ಚರೈಸರ್, ಹೊರಗೆ ಹೊರಟರೆ ಎಸ್‌ಪಿಎಫ್ 30ಕ್ಕಿಂತ ಹೆಚ್ಚಿನ ಸನ್‌ಸ್ಕ್ರೀನ್. ಎರಡು ದಿನ ಬಿಸಿನೀರಿನ ಎಣ್ಣೆಸ್ನಾನ, ಜಿಮ್ಮು, ಸ್ಕ್ರಬ್ ಬೇಡ. ಒಂದರಿಂದ ಮೂರು ವಾರದಲ್ಲಿ ಕೂದಲು ಬೆಳೆದಂತೆ ಕಂಡು ತಾನಾಗಿ ಉದುರುತ್ತದೆ. ಕೀಳಬೇಡಿ.

ಗುಳ್ಳೆ ಎದ್ದರೆ ಒಡೆಯಬೇಡಿ. ಅವತ್ತೇ ಫೋಟೊ ತೆಗೆದು ಡಾಕ್ಟರಿಗೆ ಕಳಿಸಿ, ಮರುದಿನ ಹೋಗಿ ತೋರಿಸಿ. ಕಪ್ಪು ಕಲೆ ಉಳಿದರೆ ಹೆಚ್ಚಿನವು ತಿಂಗಳುಗಳಲ್ಲಿ ಮಾಸುತ್ತವೆ. ಗಾಬರಿಯಾಗಿ ಮೆಡಿಕಲ್ ಶಾಪಿನಲ್ಲಿ ಕೇಳಿ ಸ್ಟೀರಾಯ್ಡ್ ಬೆರೆತ ಬಿಳುಪಿನ ಕ್ರೀಮು ತಂದು ಹಚ್ಚಬೇಡಿ. ಅದು ಚರ್ಮ ತೆಳುವಾಗಿಸಿ, ಮುಖದ ಮೇಲೆ ಹೊಸ ಕೂದಲನ್ನೂ ತರಬಹುದು.

ದುಡ್ಡು, ದೂರು

"ಪೂರ್ತಿ ಹೋಗುತ್ತದೆ, ಜೀವನಪರ್ಯಂತ ಗ್ಯಾರಂಟಿ" ಅನ್ನುವವರನ್ನು ನಂಬಬೇಡಿ. ಎಫ್‌ಡಿಎ ಈ ಮಷೀನುಗಳಿಗೆ ಕೊಡುವ ಒಪ್ಪಿಗೆಯಲ್ಲೂ ಇರುವ ಮಾತು ಕೂದಲು ಶಾಶ್ವತವಾಗಿ ಕಡಿಮೆಯಾಗುವುದು ಅಂತ, ಪೂರ್ತಿ ಹೋಗುವುದು ಅಂತಲ್ಲ. ಎಂಟು ಸೆಷನ್ನಿನ ದುಡ್ಡು ಒಟ್ಟಿಗೆ ಕಟ್ಟಿದರೆ ರಿಯಾಯಿತಿ ಅಂತಾರೆ. ಮೊದಲ ಎರಡನ್ನು ಬಿಡಿಬಿಡಿಯಾಗಿ ಕಟ್ಟಿ, ಚರ್ಮ ಹೇಗೆ ತಡೆಯುತ್ತದೆ ನೋಡಿ, ಆಮೇಲೆ ಬೇಕಾದರೆ ಪ್ಯಾಕೇಜ್ ತಗೊಳ್ಳಿ. ಮಧ್ಯದಲ್ಲಿ ಬಿಟ್ಟರೆ ಉಳಿದ ಹಣ ವಾಪಸ್ ಬರುತ್ತದಾ ಅನ್ನುವುದನ್ನು ಬರವಣಿಗೆಯಲ್ಲಿ ಪಡೆಯಿರಿ. ಜಿಎಸ್‌ಟಿ ಸೇರಿದೆಯಾ ಕೇಳಿ. ಕೆಲವು ಮೆಡಿಕಲ್ ಕಾಲೇಜು ಆಸ್ಪತ್ರೆಗಳ ಚರ್ಮರೋಗ ವಿಭಾಗದಲ್ಲೂ ಲೇಸರ್ ಇದೆ, ಹತ್ತಿರದಲ್ಲಿದ್ದರೆ ಮೊದಲು ಅಲ್ಲಿ ವಿಚಾರಿಸಿ.

ಸುಟ್ಟು, ಕ್ಲಿನಿಕ್ ಕೈತೊಳೆದುಕೊಂಡರೆ, ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯ ಕೆಪಿಎಂಇ ನೋಂದಣಿ ಮತ್ತು ಕುಂದುಕೊರತೆ ಪರಿಹಾರ ಪ್ರಾಧಿಕಾರಕ್ಕೆ ದೂರು ಕೊಡಬಹುದು. ಜಿಲ್ಲಾ ಗ್ರಾಹಕ ಆಯೋಗಕ್ಕೆ 2 ವರ್ಷದೊಳಗೆ ಹೋಗಬೇಕು. ಸೇವೆಗೆ ಕೊಟ್ಟ ಹಣ 5 ಲಕ್ಷದೊಳಗಿದ್ದರೆ ಅಲ್ಲಿ ಶುಲ್ಕವಿಲ್ಲ. ಗ್ರಾಹಕ ಸಹಾಯವಾಣಿ 1915. ಬಿಲ್ಲು, ಸಹಿ ಹಾಕಿಸಿಕೊಂಡ ಒಪ್ಪಿಗೆ ಪತ್ರದ ಪ್ರತಿ, ಮಷೀನಿನ ಪರದೆಯ ಫೋಟೊ, ಗಾಯದ ದಿನದಿನದ ಫೋಟೊ ಎಲ್ಲ ಒಂದೇ ಕಡೆ ಇಟ್ಟುಕೊಳ್ಳಿ. ನನ್ನ ಹತ್ತಿರ ಅವತ್ತು ಇದ್ದದ್ದು ಬಿಲ್ಲು ಮಾತ್ರ.